ಹತ್ತು, ಮೇಲೆ ಇನ್ನೊಂದು

ಮನೆಯಿಂದ,
ಹದಿನಾಲ್ಕನೇ ತಾರೀಕು, ಸೋಮವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಕೆಮ್ಮು ಹೋಯಿತೇ? ನಿನ್ನ ಕೊನೆಯ ಕಾಗದದಲ್ಲಿ ಸ್ವಲ್ಪ ಕೆಮ್ಮು ಇದೆ ಅಂತ ಒಂದು ಸಾಲಿತ್ತು. ವಾಸಿಯಾಯಿತು ಅಂತ ಆಮೇಲೆ ನೀನು ಬರೆಯಲೇ ಇಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ನೀನು ಏಳು ತಿಂಗಳಿಂದ ಕೆಮ್ಮುತ್ತಲೇ ಇದ್ದೀಯ. ಅಲ್ಲಿ ಹೊದೆಯಲು ದಪ್ಪನೆಯದು ಕೊಟ್ಟಿದ್ದಾರೆಯೇ, ಬಿಸಿನೀರು ಸಿಗುತ್ತದೆಯೇ, ಮಲಗುವ ಜಾಗ ಕಿಟಕಿಯ ಹತ್ತಿರವೋ ದೂರವೋ, ಇಷ್ಟಕ್ಕೆ ಉತ್ತರ ಬರೆದರೆ ಸಾಕು. ನಾನು ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಕಾಗದ ಬರೆಯುವುದೆಂದರೆ ಪರದೆಗೆ ಅಂಚು ಹೊಲಿದ ಹಾಗೆ ನಿಧಾನ. ಎಲ್ಲಾದರೂ ಸೊಟ್ಟಗಾಗಿದ್ದರೆ ಬಿಚ್ಚಿ ನೇರ ಮಾಡಿಕೊಂಡು ಓದು. ಈ ಕಾಗದವನ್ನು ನಿನಗಿಂತ ಮೊದಲು ಒಡೆದು ಓದುವ ಜೈಲಿನ ಸಾಹೇಬರಿಗೂ ನನ್ನ ನಮಸ್ಕಾರ. ಇದರಲ್ಲಿ ಪೆಟ್ಟಿಗೆ, ಸ್ವಿಚ್ಚು, ಕೆಂಪು ದೀಪ ಅಂತೆಲ್ಲ ಬರುತ್ತದೆ. ಸಂಚು ಏನೂ ಇಲ್ಲ, ನಮ್ಮ ಮನೆಯ ವೈಫೈ ಸಮಾಚಾರ ಅಷ್ಟೇ.

ನೀನು ಹೋಗುವ ಹಿಂದಿನ ವಾರ ಮನೆಯಲ್ಲೆಲ್ಲ ಏಣಿ ಹಾಕಿಕೊಂಡು ಓಡಾಡಿದ್ದು ನೆನಪಿದೆಯೇ? ಊರವರ ಮನೆಗೆಲ್ಲ ಆ ಪೆಟ್ಟಿಗೆಗಳನ್ನು ಕೂರಿಸಿ ಬರುವುದೇ ನಿನ್ನ ಕೆಲಸವಾಗಿತ್ತು, ನಮ್ಮ ಮನೆಗೆ ಮಾತ್ರ ಆ ವಾರದವರೆಗೆ ಪುರುಸೊತ್ತಾಗಿರಲಿಲ್ಲ. ಶಿಕ್ಷೆಯಾಗುವುದು ಖಂಡಿತ ಅಂತ ವಕೀಲರು ಹೇಳಿದ ದಿನವೇ ನೀನು ನಾಲ್ಕು ಪೆಟ್ಟಿಗೆ ತಂದೆ. ಬೀದಿ ಬಾಗಿಲ ಬಳಿಯದಕ್ಕೆ ಯಜಮಾನ ಅಂತ ಹೆಸರಿಟ್ಟೆ. ಮೆಟ್ಟಿಲ ತಿರುವಿನಲ್ಲಿರುವುದು ಮಧ್ಯಸ್ಥ. ಮಹಡಿಯಲ್ಲಿ ನನ್ನ ಹೊಲಿಗೆ ಯಂತ್ರದ ಮೇಲಿರುವುದು ಸೂಜಿ, ನನ್ನನ್ನು ಕರೆಯುವ ಹೆಸರನ್ನೇ ಅದಕ್ಕೂ ಇಟ್ಟೆ. ಹಿತ್ತಲಲ್ಲಿ ಅಪ್ಪನ ತಗಡಿನ ಶೆಡ್ಡಿನದು ಗುಡುಗು. ಇದಕ್ಕೆ ಮೆಶ್ ಅನ್ನುತ್ತಾರೆ, ಜಾಲರಿ ಇದ್ದ ಹಾಗೆ, ಒಂದು ಎಳೆ ಹೋದರೆ ಪಕ್ಕದ ಎಳೆ ಹಿಡಿದುಕೊಳ್ಳುತ್ತದೆ ಅಂತ ನೀನು ವಿವರಿಸಿದಾಗ ಅಪ್ಪ, "ನಾನು ಮಾಡೋ ಜಾಲರೀಲಿ ಒಂದು ಎಳೆ ಹೋದ್ರೆ ಇಲಿ ಒಳಗೆ ಬರುತ್ತೆ" ಅಂದಿದ್ದರು. ಆ ವಾರ ನಾವು ನಕ್ಕಿದ್ದು ಅದೊಂದೇ ಸಲ. ಆಮೇಲೆ ಅಮ್ಮನ ಕೊರಳಿಗೆ ಆ ಬಿಳಿ ಗುಂಡಿಯ ದಾರ ಹಾಕಿ, "ಕಾಲು ಜೋಮು ಹಿಡಿದು ಬಿದ್ರೆ ಇದನ್ನ ಒತ್ತು. ಮೇಲೆ ಅವಳ ಹತ್ರ, ಹಿಂದೆ ಅಪ್ಪನ ಹತ್ರ, ಎರಡು ಕಡೆ ಗಂಟೆ ಹೊಡೆಯುತ್ತೆ" ಅಂದೆ. ಅಮ್ಮ, "ನೀನೇ ಇದ್ದಿದ್ರೆ ಈ ಗಂಟೆ ಯಾಕೆ ಬೇಕಿತ್ತು" ಅಂದಳು. ನೀನು ಏಣಿ ಮಡಿಸುತ್ತಾ ಕೇಳಿಸದವನ ಹಾಗೆ ಇದ್ದೆ. ಕೇಳಿಸಿತ್ತು ಅಂತ ನನಗೆ ಗೊತ್ತು.

ಈಗ ಸಮಾಚಾರ. ಅಮ್ಮ ಬಿದ್ದಳು. ಹೆದರಬೇಡ, ಬದುಕಿದ್ದಾಳೆ. ಎಡಗೈ ಮಣಿಕಟ್ಟು ಮುರಿದು ಪಟ್ಟಿ ಹಾಕಿದ್ದಾರೆ, ಸೊಂಟದ ಮೇಲೆ ಅಂಗೈಯಗಲ ಕಪ್ಪಗಾಗಿದೆ. ಹೋದ ತಿಂಗಳ ಹತ್ತೊಂಬತ್ತು, ಗುರುವಾರ. ಬೀದಿ ಬಾಗಿಲಿಂದ ಅಡುಗೆಮನೆಗೆ ಬರುವ ಓಣಿಯಂಥ ಜಾಗದಲ್ಲಿ ಹನ್ನೊಂದು ಗಂಟೆ ಕಳೆದು ಸ್ವಲ್ಪ ಹೊತ್ತಿಗೆ ಕಾಲು ಸೋತು ಕುಸಿದಿದ್ದಾಳೆ. ನಾನು ಮೇಲೆ ಯಾವುದೋ ಕಚೇರಿಯ ಮೂವತ್ತು ಪರದೆಗಳ ಅಂಚು ಹೊಲಿಯುತ್ತಿದ್ದೆ, ಯಂತ್ರ ಓಡುವಾಗ ಪಕ್ಕದಲ್ಲಿ ಕೂತವರ ಮಾತೂ ಕೇಳಿಸುವುದಿಲ್ಲ. ಅಪ್ಪ ಶೆಡ್ಡಿನಲ್ಲಿ ತಗಡು ಬಡಿಯುತ್ತಿದ್ದರು. ಹನ್ನೆರಡಕ್ಕೆ ಊಟಕ್ಕೆಂದು ಇಳಿದು ಬಂದಾಗ ಅಮ್ಮ ನೆಲದ ಮೇಲೆ ಮಗ್ಗುಲಾಗಿ, ಮುಖ ಗೋಡೆಯ ಕಡೆ ಮಾಡಿಕೊಂಡು ಮಲಗಿದ್ದಳು. ನಿದ್ದೆ ಹೋದವರ ಹಾಗಿದ್ದಳು. ಗುಂಡಿ ಕೊರಳಲ್ಲೇ ಇತ್ತು. ಎತ್ತಿ ಕೂರಿಸಿದಾಗ, "ಒತ್ತಿದೆ ಕಣೇ, ಆಗ್ಲಿಲ್ಲ" ಅಂದಳು. ನಲವತ್ತು ನಿಮಿಷವಾದರೂ ಹಾಗೇ ಬಿದ್ದಿದ್ದಾಳೆ ಅಣ್ಣ. ಸಂಜೆ ಆಸ್ಪತ್ರೆಯಿಂದ ಬಂದು ನಾನೇ ಗುಂಡಿ ಒತ್ತಿ ನೋಡಿದೆ. ಮೇಲೂ ಗಂಟೆ ಹೊಡೆಯಲಿಲ್ಲ, ಹಿಂದೆಯೂ ಹೊಡೆಯಲಿಲ್ಲ.

ಅಪ್ಪನಿಗೆ ಅಷ್ಟು ಸಾಕಾಯಿತು. ನೀನು ಹೋದಾಗಿನಿಂದ ನಿನ್ನ ಹೆಸರು ಅವರ ಬಾಯಲ್ಲಿ ಬಂದದ್ದಿಲ್ಲ. ಅವತ್ತೂ ಹೆಸರು ಬರಲಿಲ್ಲ. "ಅವನ ಪೆಟ್ಟಿಗೆಗಳೂ ಅವನ ಹಾಗೇ. ಬೇಕಾದಾಗ ಇರಲ್ಲ" ಅಂದರು. ಬರೆಯಬಾರದು ಅಂದುಕೊಂಡೆ, ಆದರೆ ನಿನ್ನಿಂದ ಏನನ್ನೂ ಮುಚ್ಚಿಟ್ಟು ನನಗೆ ಅಭ್ಯಾಸವಿಲ್ಲ. ಮುಂದಿನ ತಿಂಗಳ ಕೊನೆಯವರೆಗೆ ನೋಡುತ್ತೇನೆ, ಸರಿಹೋಗದಿದ್ದರೆ ನಾಲ್ಕನ್ನೂ ಕಿತ್ತು ಹಾಕಿ ಒಂದು ಹಗ್ಗ, ಒಂದು ತಗಡಿನ ಗಂಟೆ ಕಟ್ಟುತ್ತೇನೆ ಅಂದರು. ನೆಲದ ಮೇಲೆ ಬಿದ್ದವಳಿಗೆ ಹಗ್ಗ ಹೇಗೆ ಎಟುಕುತ್ತದೆ ಅಂತ ಕೇಳಬೇಕೆಂದು ಬಾಯಿ ತೆರೆದೆ. ನನ್ನ ಬಾಯಿ ನಿನಗೆ ಗೊತ್ತಲ್ಲ, ತೆರೆದುಕೊಳ್ಳುವಷ್ಟರಲ್ಲಿ ಎದುರಿದ್ದವರು ಎದ್ದು ಹೋಗಿರುತ್ತಾರೆ.

ಮಾರನೆಯ ದಿನದಿಂದ ನಾನು ಒಂದು ನೋಟುಬುಕ್ಕು ಇಟ್ಟುಕೊಂಡೆ. ನೀನು ಬಿಟ್ಟುಹೋದ ಹಳೆಯ ಫೋನಿನಲ್ಲಿ ನಾಲ್ಕೂ ಪೆಟ್ಟಿಗೆಯ ಚಿತ್ರ ಬರುತ್ತದಲ್ಲ, ಅದರಲ್ಲಿ ಯಾವುದು ಎಷ್ಟು ಹೊತ್ತಿಗೆ ಕೆಂಪಾಯಿತು, ಎಷ್ಟು ಹೊತ್ತಿಗೆ ಹಸಿರಾಯಿತು ಅಂತ ಬರೆಯತೊಡಗಿದೆ. ಇಂಗ್ಲಿಷ್ ಓದಲು ಬಾರದಿದ್ದರೂ ಬಣ್ಣಕ್ಕೆ ಯಾವ ಶಾಲೆ ಬೇಕು. ದಿನಕ್ಕೆ ಐದು ಸಲ, ಆರು ಸಲ ಬಿಟ್ಟು ಹೋಗುತ್ತಿತ್ತು. ಮೊದಲು ಮಧ್ಯಸ್ಥ ಹೋಗುತ್ತದೆ, ಅವನ ಹಿಂದೆ ಗುಡುಗು, ಅದರ ಹಿಂದೆ ಅಮ್ಮನ ಗುಂಡಿ. ಕೈಯಿಟ್ಟು ನೋಡಿದರೆ ಮಧ್ಯಸ್ಥ ಜ್ವರ ಬಂದ ಮಗುವಿನ ಹಾಗೆ ಸುಡುತ್ತಿದ್ದ. ಕಾರಣ ನಾನೇ. ಧೂಳು ಕೂರುತ್ತದೆ ಅಂತ ಅಮ್ಮ ಹೇಳಿದಳೆಂದು ಉಳಿದ ಪರದೆ ಬಟ್ಟೆಯಲ್ಲಿ ನಾಲ್ಕಕ್ಕೂ ಅಂಗಿ ಹೊಲಿದು ತೊಡಿಸಿದ್ದೆ, ಕೆಳಗೆ ಸಣ್ಣ ಅಂಚು ಕೂಡ ಇಟ್ಟಿದ್ದೆ. ನೀನು ನೋಡಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಅಂಗಿಗಳನ್ನು ಬಿಚ್ಚಿದೆ. ಎರಡು ದಿನ ಸ್ವಲ್ಪ ವಾಸಿ ಅನ್ನಿಸಿತು, ಮೂರನೆಯ ದಿನ ಮತ್ತೆ ಅದೇ ರಾಗ.

ಆಮೇಲೆ ಕಂಡದ್ದು ತಗಡು. ಶೆಡ್ಡಿನಲ್ಲಿ ಜಾಗ ಸಾಲದೆ ಅಪ್ಪ ಎಂಟು ದೊಡ್ಡ ತಗಡಿನ ಹಾಳೆಗಳನ್ನು ಮೆಟ್ಟಿಲ ಕೆಳಗೆ ಗೋಡೆಗೆ ಒರಗಿಸಿದ್ದರು. ತಗಡಿನ ಆಚೆ ಈ ಪೆಟ್ಟಿಗೆಗಳ ಮಾತು ದಾಟುವುದಿಲ್ಲ, ಒಮ್ಮೆ ನೀನೇ ಹೇಳಿದ್ದೆ. ಅಪ್ಪನಿಗೆ ಹೇಳಲು ಎರಡು ದಿನ ಧೈರ್ಯ ಮಾಡಿಕೊಂಡೆ. ಕೊನೆಗೆ ಹೇಳಲೇ ಇಲ್ಲ, ಒಂದೊಂದೇ ಹಾಳೆಯನ್ನು ನಾನೇ ಹಿತ್ತಲಿಗೆ ಎಳೆದೆ. ಐದನೆಯದನ್ನು ಎಳೆಯುವಾಗ ಅಪ್ಪ ಬಂದು ನಿಂತರು. ಬೈಯುತ್ತಾರೆ ಅಂದುಕೊಂಡೆ. ಇನ್ನೊಂದು ತುದಿ ಹಿಡಿದುಕೊಂಡರು. ಎಂಟೂ ಹಾಳೆ ಸಾಗಿಸುವವರೆಗೆ ಇಬ್ಬರೂ ಒಂದು ಮಾತೂ ಆಡಲಿಲ್ಲ. ನಮ್ಮ ಮನೆಯಲ್ಲಿ ಈಗ ಎಲ್ಲ ಕೆಲಸವೂ ಹೀಗೇ ನಡೆಯುತ್ತದೆ. ಉಪ್ಪು ಬೇಕಾದರೆ ಎದ್ದು ಹೋಗಿ ತೆಗೆದುಕೊಳ್ಳುತ್ತೇವೆ, ಕೇಳುವುದಿಲ್ಲ. ನೀನಿದ್ದಾಗ ಯಾರ ಮಾತು ಯಾರಿಗೂ ಕೇಳಿಸದಷ್ಟು ಗಲಾಟೆ ಇರುತ್ತಿತ್ತು, ಅದರಲ್ಲಿ ಮುಕ್ಕಾಲು ನಿನ್ನದೇ.

ತಗಡು ತೆಗೆದ ಮೇಲೂ ದಿನಕ್ಕೆ ಮೂರು ಸಲ ಹೋಗುವುದು ಮಾತ್ರ ನಿಲ್ಲಲಿಲ್ಲ. ಬೆಳಿಗ್ಗೆ ಒಂಬತ್ತೂವರೆಯ ಆಸುಪಾಸು, ಊಟವಾದ ಮೇಲೆ, ಸಂಜೆ ದೀಪ ಹಚ್ಚುವ ಹೊತ್ತು. ಇದರ ಗುಟ್ಟು ತಿಳಿದದ್ದು ಈ ತಿಂಗಳ ಎರಡನೇ ತಾರೀಕು. ಬೆಳಿಗ್ಗೆ ದಾರದ ಉಂಡೆ ಕೆಳಗೆ ಉರುಳಿತೆಂದು ಮೆಟ್ಟಿಲಿಳಿಯುತ್ತಿದ್ದೆ. ತಿರುವಿನಲ್ಲಿ ಅಪ್ಪ ನನಗೆ ಬೆನ್ನು ಹಾಕಿ ನಿಂತಿದ್ದರು. ಕೈ ಸ್ವಿಚ್ಚಿನ ಮೇಲಿತ್ತು, ಮಧ್ಯಸ್ಥನ ದೀಪ ಆರಿತ್ತು. ಮೆಲ್ಲಗೆ ಎಣಿಸುತ್ತಿದ್ದರು. ಎಂಟು, ಒಂಬತ್ತು, ಹತ್ತು. ಅಷ್ಟಕ್ಕೆ ಹಚ್ಚಲಿಲ್ಲ ಅಣ್ಣ. "ಮೇಲೆ ಇನ್ನೊಂದು" ಅಂದು, ಆಮೇಲೆ ಹಚ್ಚಿದರು. ನೀನು ಹೋಗುವ ಬೆಳಿಗ್ಗೆ ಹೇಳಿದ್ದೆಯಲ್ಲ, "ಏನೇ ಆದ್ರೂ ಮೊದಲು ಆರಿಸಿ. ಹತ್ತು ಎಣಿಸಿ, ಮೇಲೆ ಇನ್ನೊಂದು ಎಣಿಸಿ, ಆಮೇಲೆ ಹಚ್ಚಿ. ಮುಕ್ಕಾಲು ರೋಗ ಅದರಲ್ಲೇ ವಾಸಿ" ಅಂತ. ಅಪ್ಪ ಆಗ ಪೇಪರು ಮುಖಕ್ಕೆ ಹಿಡಿದುಕೊಂಡು ಕೂತಿದ್ದರು. ಕೇಳಿಸಿಕೊಳ್ಳುತ್ತಿಲ್ಲ ಅಂತ ನಾವೆಲ್ಲ ತಿಳಿದಿದ್ದೆವು.

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಯಾಕೆಂದರೆ ಊಟವಾದ ಮೇಲೆ ಅದೇ ಸ್ವಿಚ್ಚನ್ನು ದಿನವೂ ಆರಿಸಿ ಹಚ್ಚುವವಳು ನಾನು. ಮಲಗಿದ್ದ ಅಮ್ಮನನ್ನು ಕೇಳಿದರೆ, "ಸಂಜೆ ನಾನೂ ಗೋಡೆ ಹಿಡ್ಕೊಂಡು ಮೂರು ಮೆಟ್ಟಿಲು ಹತ್ತಿ ಮಾಡ್ತಿದ್ದೆ. ಬಿದ್ದ ಮೇಲೂ ಬಿಟ್ಟಿಲ್ಲ. ಅವನು ಹೇಳಿದ್ನಲ್ಲ" ಅಂದಳು. ಮೂರು ಜನರೂ ಮೂರು ಹೊತ್ತು, ಒಬ್ಬರಿಗೆ ಹೇಳದೆ ಇನ್ನೊಬ್ಬರು, ನಿನ್ನ ಜಾಲರಿಯನ್ನು ರಿಪೇರಿ ಮಾಡುತ್ತಿದ್ದೆವು. ಮಧ್ಯಸ್ಥ ಆರಿದಾಗ ಗುಡುಗು ಅವನ ಕೈಬಿಟ್ಟು ದೂರದ ಯಜಮಾನನನ್ನು ಹಿಡಿಯಲು ಪರದಾಡುತ್ತದೆ. ಎಲ್ಲ ಮತ್ತೆ ಜೊತೆಯಾಗಲು ನಾಲ್ಕೈದು ನಿಮಿಷ ಬೇಕು. ಅಷ್ಟರಲ್ಲಿ ಶೆಡ್ಡಿನಲ್ಲಿ ಕೆಂಪು ಕಂಡು ಅಪ್ಪ ಅದನ್ನೂ ಆರಿಸುತ್ತಾರೆ, ಮೇಲೆ ಕೆಂಪು ಕಂಡು ನಾನು ಇದನ್ನು ಆರಿಸುತ್ತೇನೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂದ ಹಾಗೆ. ಹದಿನಾರು ತಿಂಗಳಿಂದ ಇದೇ ನಡೆದಿದೆ. ಒಬ್ಬರಾದರೂ ಬಾಯಿಬಿಟ್ಟು ನಾನು ಆರಿಸಿದೆ ಅಂದಿದ್ದರೆ ಅವತ್ತೇ ಗೊತ್ತಾಗುತ್ತಿತ್ತು.

ಮಾರನೆಯ ದಿನ ನಾನು ರಟ್ಟಿನ ಮೇಲೆ ದೊಡ್ಡದಾಗಿ "ಮುಟ್ಟಬೇಡಿ. ಮುಟ್ಟಿದರೆ ಹೇಳಿ" ಅಂತ ಬರೆದು ಸ್ವಿಚ್ಚಿಗೆ ಅಂಟಿಸಿದೆ. ಅವತ್ತಿನಿಂದ ಇವತ್ತಿನವರೆಗೆ ನಾಲ್ಕೂ ಪೆಟ್ಟಿಗೆ ಒಂದು ಸಲವೂ ಕೆಂಪಾಗಿಲ್ಲ. ದಿನವೂ ಮಧ್ಯಾಹ್ನ ಹನ್ನೆರಡಕ್ಕೆ ನಾನು ಮೇಲಿಂದ ಕೂಗುತ್ತೇನೆ, ಅಮ್ಮ ಗುಂಡಿ ಒತ್ತುತ್ತಾಳೆ, ಎರಡೂ ಕಡೆ ಗಂಟೆ ಹೊಡೆಯುತ್ತದೆ. ನೀನು ಕೂರಿಸಿದ್ದು ಸರಿಯಾಗೇ ಇತ್ತು, ಕೆಡಿಸಿದ್ದು ನಾವು. ಇಷ್ಟು ಬರೆದು ಸಂತೋಷದಿಂದ ಮುಗಿಸಬಹುದಿತ್ತು.

ಆದರೆ ಅಪ್ಪ ಈಗ ಬೇರೆಯೇ ಲೆಕ್ಕ ಹಿಡಿದು ಕೂತಿದ್ದಾರೆ. ಅಮ್ಮ ಬಿದ್ದ ಗುರುವಾರ ಬೆಳಿಗ್ಗೆಯೂ ತಾನು ಆರಿಸಿ ಹಚ್ಚಿದ್ದು ಅವರಿಗೆ ನೆನಪಿದೆ. ಅದರಿಂದಲೇ ಗುಂಡಿ ಕೆಲಸ ಮಾಡಲಿಲ್ಲ, ಅಮ್ಮ ನಲವತ್ತು ನಿಮಿಷ ನೆಲದ ಮೇಲೆ ಬಿದ್ದಿದ್ದು ತನ್ನ ಕೈಯಿಂದಲೇ ಅಂತ. ನಿನ್ನ ಮೇಲಿನ ದೂರನ್ನು ಇಳಿಸಿ ತನ್ನ ತಲೆಯ ಮೇಲೆ ಇಟ್ಟುಕೊಂಡಿದ್ದಾರೆ. ಹನ್ನೊಂದು ದಿನದಿಂದ ಶೆಡ್ಡಿನಲ್ಲಿ ಬಡಿಯುವ ಸದ್ದಿಲ್ಲ. ಹೋಗಿ ನೋಡಿದರೆ ಸುತ್ತಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಾರೆ. ಊಟಕ್ಕೆ ಅಮ್ಮನ ಎದುರು ಕೂರುವುದಿಲ್ಲ, ತಟ್ಟೆ ಹಿಡಿದು ಹಿತ್ತಲಿಗೆ ಹೋಗುತ್ತಾರೆ. ಅಮ್ಮ ಒಂದು ಸಲ, "ಯಂತ್ರ ಅಂದ್ಮೇಲೆ ಕೆಡುತ್ತೆ, ಮನುಷ್ಯರೇನು ಮಾಡಕ್ಕಾಗುತ್ತೆ, ಬಿಡಿ" ಅಂದಳು. ಅಪ್ಪ ಎದ್ದು ಶೆಡ್ಡಿಗೆ ಹೋದರು. ಗುಡುಗು ಅಂತ ನೀನು ಇಟ್ಟ ಹೆಸರು ಈಗ ಪೆಟ್ಟಿಗೆಗೆ ಮಾತ್ರ ಉಳಿದಿದೆ.

ಶನಿವಾರ ಏಣಿ ಬಂದಿದ್ದ. ನಿನ್ನ ಜೊತೆ ಕೆಲಸಕ್ಕೆ ಬರುತ್ತಿದ್ದ ಆ ಉದ್ದನೆಯ ಮನುಷ್ಯನನ್ನು ನೀನು ಹಾಗೇ ಕರೆಯುತ್ತಿದ್ದೆಯಲ್ಲ, ನಮಗೂ ಅವನ ನಿಜವಾದ ಹೆಸರು ಗೊತ್ತಿಲ್ಲ. ಅವನಿಗೆ ಫೋನು ಮಾಡಲು ನಾನು ಎರಡು ವಾರ ತೆಗೆದುಕೊಂಡೆ. ಮಾಡಿದಾಗಲೂ ಅವನು ಹಲೋ ಅಂದ ಕೂಡಲೇ ಇಟ್ಟುಬಿಟ್ಟೆ, ಅವನೇ ತಿರುಗಿ ಮಾಡಿದ. ನಾಲ್ಕೂ ಪೆಟ್ಟಿಗೆ ನೋಡಿ, ನನ್ನ ನೋಟುಬುಕ್ಕನ್ನೂ ತಿರುವಿ ಹಾಕಿ, "ಇಷ್ಟೆಲ್ಲ ಕೈಯಲ್ಲಿ ಬರ್ದಿದ್ದೀಯಲ್ಲಮ್ಮಾ, ಫೋನೇ ಬರ್ಕೊಂಡು ಇಟ್ಕೊಂಡಿರುತ್ತೆ" ಅಂದ. ಮೂಲೆಯ ಮೂರು ಗೆರೆ ಒತ್ತಿ, ಕೆಳಗಿನಿಂದ ಎರಡನೆಯದನ್ನು ಒತ್ತಿದರೆ ಎರಡು ತಿಂಗಳ ಹಿಂದಿನದೂ ಕಾಣುತ್ತದಂತೆ. ಯಾವ ಪೆಟ್ಟಿಗೆ ಯಾವಾಗ ಹೋಯಿತು, ಗುಂಡಿ ಯಾವಾಗ ಒತ್ತಿದರು, ಎಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು ನೀನು ಕಾಗದ ಬರೆಯುತ್ತೀಯಾ ಅಂತ ಕೇಳಿದ. ಹೂಂ, ಬರೆಯುತ್ತಾನೆ ಅಂದೆ. ಅಮ್ಮ ಒಳಗಿದ್ದಳು, ಅವಳಿಗೆ ಕೇಳಿಸಲಿ ಅಂತ ಸ್ವಲ್ಪ ಗಟ್ಟಿಯಾಗೇ ಅಂದೆ.

ಹಾಳೆ ಮುಗಿಯುತ್ತಾ ಬಂತು. ನೀನು ಬರಬೇಡಿ ಅಂದಿದ್ದೀಯ, ನಾವು ಬರುತ್ತಿಲ್ಲ. ನಿಮ್ಮ ಮುಖ ನೋಡಲು ನನಗೆ ಮುಖವಿಲ್ಲ ಅಂತ ಬರೆದಿದ್ದೆ. ತೀರಿಹೋದ ಆ ಸೈಕಲ್ಲಿನವನ ಮನೆಯವರು ಈಗಲೂ ಮೂರು ಬೀದಿ ಆಚೆ ಇದ್ದಾರೆ. ಅವನ ತಂಗಿಯನ್ನು ನಾನು ಅಂಗಡಿಯಲ್ಲಿ ಕಾಣುತ್ತೇನೆ, ಇಬ್ಬರೂ ನೆಲ ನೋಡುತ್ತೇವೆ. ವ್ಯಾನು ಓಡಿಸಿದವನು ನೀನು, ಸುಳ್ಳಲ್ಲ. ನೀನು ನನ್ನ ಅಣ್ಣ, ಅದೂ ಸುಳ್ಳಲ್ಲ. ಅಮ್ಮ ಆಶೀರ್ವಾದ ತಿಳಿಸಲು ಹೇಳಿದ್ದಾಳೆ. ಅಪ್ಪ ಏನೂ ಹೇಳಿಲ್ಲ, ಆದರೆ ನಾನು ಬರೆಯಲು ಕೂತಾಗ ಬಂದು ಪೆನ್ನಿನಲ್ಲಿ ಇಂಕು ಇದೆಯೇ ಅಂತ ನೋಡಿ ಹೋದರು. ಅದನ್ನೇ ಅವರ ಆಶೀರ್ವಾದ ಅಂದುಕೋ. ಮೈ ಚೆನ್ನಾಗಿ ನೋಡಿಕೋ. ಕೆಮ್ಮಿಗೆ ಬಿಸಿನೀರು ಕುಡಿ, ಕೇಳಲು ನಾಚಿಕೊಳ್ಳಬೇಡ. ನಾಚಿಕೆಗೆ ಮನೆಯಲ್ಲಿ ನಾನೊಬ್ಬಳು ಸಾಕು.

ನಿನ್ನ ತಂಗಿ,
ಸೂಜಿ

ಮರೆತದ್ದು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಏಣಿ ಹೋದ ಮೇಲೆ ನಾನೊಬ್ಬಳೇ ಕೂತು ಆ ಗುರುವಾರವನ್ನು ತೆಗೆದು ನೋಡಿದೆ. ಅಪ್ಪ ಆರಿಸಿದ್ದು ಒಂಬತ್ತು ಮೂವತ್ತೆಂಟಕ್ಕೆ. ಒಂಬತ್ತು ನಲವತ್ಮೂರಕ್ಕೆ ಎಲ್ಲವೂ ಹಸಿರು. ಆಮೇಲೆ ಸಂಜೆಯವರೆಗೂ ಹಸಿರೇ. ಆಸ್ಪತ್ರೆಯಿಂದ ಬಂದ ಕೂಡಲೇ ಅಪ್ಪ ಮತ್ತೆ ಆರಿಸಿ ಹಚ್ಚಿದ್ದಾರೆ, ನಾನು ಒತ್ತಿದಾಗ ಗಂಟೆ ಹೊಡೆಯದೇ ಇದ್ದದ್ದು ಅದಕ್ಕೆ. ಹನ್ನೊಂದರಿಂದ ಹನ್ನೆರಡರವರೆಗೆ ನಿನ್ನ ಜಾಲರಿಯಲ್ಲಿ ಒಂದು ಎಳೆಯೂ ಹೋಗಿರಲಿಲ್ಲ ಅಣ್ಣ. ಗುಂಡಿಯ ಸಾಲಿನಲ್ಲಿ ಅವತ್ತು ಬೆಳಿಗ್ಗೆಯ ಹೊತ್ತಿಗೆ ಏನೂ ಇಲ್ಲ. ಅಮ್ಮ ಒತ್ತಿಲ್ಲ. ನಿನ್ನೆ ತಲೆ ಬಾಚುವಾಗ, ಅವತ್ತು ಗಟ್ಟಿಯಾಗಿ ಒತ್ತಿದ್ದೆಯಾ ಅಂತ ಕೇಳಿದೆ. "ಹೂಂ ಅಂದೆನಲ್ಲ" ಅಂದಳು. ಜಡೆ ಅರ್ಧ ಹೆಣೆದ ಮೇಲೆ, ನಾನು ಏನೂ ಕೇಳದೆಯೇ, "ನೆಲ ತಣ್ಣಗಿತ್ತು ಕಣೇ. ಹಾಗೇ ಇದ್ಬಿಟ್ರೆ ಇನ್ನು ಕಾಯೋದು ತಪ್ಪುತ್ತಲ್ಲ ಅನ್ನಿಸ್ತು" ಅಂದಳು. ಇದನ್ನು ಹೇಳಿದರೆ ಅಪ್ಪನ ತಲೆಯ ಭಾರ ಇಳಿಯುತ್ತದೆ, ಆದರೆ ಅಮ್ಮನನ್ನು ಹಿಡಿದುಕೊಟ್ಟ ಹಾಗಾಗುತ್ತದೆ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವಳ ಹಾಗೆ ಎರಡು ದಿನದಿಂದ ಓಡಾಡುತ್ತಿದ್ದೇನೆ. ಅಪ್ಪನಿಗೆ ಹೇಳಲೋ ಬೇಡವೋ, ನೀನು ಹೇಳಿದ ಹಾಗೆ ಮಾಡುತ್ತೇನೆ. ಆದರೆ ನನಗೆ ಉತ್ತರ ಬರೆಯುವ ಮೊದಲು ಅಮ್ಮನಿಗೆ ಒಂದು ಕಾಗದ ಬರೆ. ಒಂದೇ ಸಾಲಾದರೂ ಸರಿ, ಬಿದ್ದರೆ ಒತ್ತಬೇಕು ಅಂತ. ನಾನು ಹೇಳಿದಾಗ ಒತ್ತುತ್ತಾಳೆ, ಬಿದ್ದಾಗ ಒತ್ತುವುದು ನಿನ್ನ ಮಾತಿಗೆ ಮಾತ್ರ. ಇದನ್ನು ಓದುತ್ತಿರುವ ಸಾಹೇಬರೇ, ದಯವಿಟ್ಟು ಈ ಕಾಗದ ತಡೆಯಬೇಡಿ. ಅಂಚೆಯವನು ನಮ್ಮ ಬೀದಿಗೆ ಬರುವುದು ಹನ್ನೊಂದಕ್ಕೆ. ಅಮ್ಮ ಹತ್ತೂವರೆಗೇ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂರುತ್ತಾಳೆ.